ಯಾರ ಅಕ್ಷರ ಮೇಲೆ, ಯಾರದು ಕೆಳಗೆ?

ಈಗಿನ ಯಾವ ಮದುವೆ ಕರೆಯೋಲೆ ತೆಗೆದರೂ ಗಣಪತಿಗಿಂತ ಮೊದಲು ಕಣ್ಣಿಗೆ ಬೀಳೋದು ಎರಡು ಇಂಗ್ಲಿಷ್ ಅಕ್ಷರ. ಹುಡುಗಿಯದೊಂದು, ಹುಡುಗನದೊಂದು. ಸುತ್ತ ಎಲೆ ಬಳ್ಳಿ, ನಡುವೆ ಅಕ್ಷರಗಳ ಅಪ್ಪುಗೆ. ಅದೇ ಗುರುತು ಆಮೇಲೆ ಛತ್ರದ ಬಾಗಿಲಿಗೆ ಥರ್ಮೋಕೋಲಿನಲ್ಲಿ ಬರುತ್ತೆ, ನೀರಿನ ಬಾಟಲಿಗೆ ಸ್ಟಿಕ್ಕರ್ ಆಗುತ್ತೆ, ತಾಂಬೂಲದ ಚೀಲದ ಮೇಲೆ ಬಂಗಾರದ ಬಣ್ಣದಲ್ಲಿ ಹೊಳೆಯುತ್ತೆ. ಕೊನೆಗೆ ಉಂಗುರದ ಮೇಲೋ ಬೆಳ್ಳಿ ಕುಂಕುಮದ ಭರಣಿಯ ಮುಚ್ಚಳದ ಮೇಲೋ ಶಾಶ್ವತವಾಗಿ ಕೂತುಬಿಡುತ್ತೆ. ಇದಕ್ಕೆ ಮಾನೋಗ್ರಾಮ್ ಅಂತಾರೆ. ಮದುವೆ ಮನೆಯಿಂದ ಹೊರಗೆ ಬಂದ ಕೂಡಲೇ ಸಾರಿನಿಂದ ಹಿಡಿದು ಸೀರೆಯ ತನಕ ಎಲ್ಲವನ್ನೂ ವಿಮರ್ಶೆ ಮಾಡೋ ನಾವು ಈ ಗುರುತನ್ನ ಮಾತ್ರ ಬಿಟ್ಟುಬಿಡ್ತೀವಿ. ಇವತ್ತು ಅದನ್ನೇ ಹಿಡ್ಕೊಳ್ಳೋಣ.

ನನ್ನ ತಕರಾರು ಸರಳ. ಇವುಗಳಲ್ಲಿ ಬಹುಪಾಲು ಅಕ್ಷರಗಳು ಹೆಣೆದುಕೊಂಡಿಲ್ಲ, ಡಿಕ್ಕಿ ಹೊಡೆದಿವೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎರಡು ಆಟೋ ಸಿಕ್ಕಿಕೊಂಡ ಹಾಗೆ ಒಂದರ ಮೈಮೇಲೆ ಇನ್ನೊಂದು ಬಿದ್ದಿದೆ ಅಷ್ಟೆ. ಕಾರ್ಡಿನ ಮೇಲಿದ್ದರೆ ಪರವಾಗಿಲ್ಲ, ಕಾರ್ಡು ಹೇಗೂ ರದ್ದಿಗೆ ಹೋಗುತ್ತೆ. ಲೋಹದ ಮೇಲೆ ಕೊರೆಸಿದ್ದು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಅದಕ್ಕೇ ಇಷ್ಟು ಮಾತು.

ಮೊದಲು ಹೆಸರಿನ ವಿಷಯ. ಮಾನೋಗ್ರಾಮ್ ಅನ್ನೋದು ಗ್ರೀಕ್ ಮೂಲದ ಪದ, 'ಒಂದೇ ಬರಹ' ಎನ್ನುವ ಅರ್ಥದ್ದು. ಕಟ್ಟುನಿಟ್ಟಾಗಿ ಹೇಳೋದಾದರೆ ಎರಡು ಅಕ್ಷರಗಳು ಯಾವುದಾದರೂ ಒಂದು ಗೆರೆಯನ್ನ ಹಂಚಿಕೊಂಡಾಗ ಮಾತ್ರ ಅದು ಮಾನೋಗ್ರಾಮ್. ಒಂದರ ಕಾಲು ಇನ್ನೊಂದರ ಬೆನ್ನಾಗಿರಬೇಕು. ಗೆರೆ ಹಂಚಿಕೊಳ್ಳದೆ, ಅಕ್ಷರಗಳು ತಮ್ಮ ಪಾಡಿಗೆ ಪೂರ್ತಿ ಇದ್ದು, ಒಂದರೊಳಗೊಂದು ನುಸುಳಿ ಹೋಗಿದ್ದರೆ ಅದರ ಹೆಸರು ಸೈಫರ್. 20ನೇ ಶತಮಾನದ ಆರಂಭದಲ್ಲಿ ಆಲ್ಬರ್ಟ್ ಟರ್ಬೇನ್ ಎನ್ನುವ ವಿನ್ಯಾಸಕಾರ ಇದರ ಬಗ್ಗೆಯೇ ಒಂದು ಪುಸ್ತಕ ಮಾಡಿದ. ಅದರ ಹೆಸರಿನಲ್ಲೇ ಎರಡನ್ನೂ ಬೇರೆ ಬೇರೆ ಇಟ್ಟ. ಬೆಳ್ಳಿ ಚಮಚ, ಗಡಿಯಾರದ ಮುಚ್ಚಳ, ಉಂಗುರಗಳ ಮೇಲೆ ಕೈಯಲ್ಲಿ ಕೊರೆಯುವ ಬಳುಕು ಅಕ್ಷರಗಳ ಜೋಡಿ ಹೆಚ್ಚಾಗಿ ಎರಡನೇ ಜಾತಿಯದು. ಮಾತಿನಲ್ಲಿ ಎಲ್ಲವನ್ನೂ ಮಾನೋಗ್ರಾಮ್ ಅಂದರೂ ನಡೆಯುತ್ತೆ. ಆದರೆ ಮಾಡಿಸುವಾಗ ನಮಗೆ ಯಾವುದು ಬೇಕು ಅಂತ ಗೊತ್ತಿರಬೇಕು.

ಗೆರೆಯನ್ನೇ ಹಂಚಿಕೊಳ್ಳದೆ, ಹೆಣೆಯದೆ, ಬರೀ ಜಾಗ ಹಂಚಿಕೊಂಡು ಗೆದ್ದವನೂ ಒಬ್ಬ ಇದ್ದಾನೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್. ಅವನ ಗುರುತು ನೋಡಿರ್ತೀರಿ. ದೊಡ್ಡದೊಂದು 'ಎ', ಮಂಟಪದ ಥರ ಎರಡು ಕಾಲು ಅಗಲಿಸಿ ನಿಂತಿದೆ. ಅದರ ಕೆಳಗೆ, ಕಾಲುಗಳ ನಡುವೆ, ಪುಟ್ಟ 'ಡಿ'. ಇಷ್ಟೇ. ಒಂದು ಬಳ್ಳಿ ಇಲ್ಲ, ಬಳುಕಿಲ್ಲ. ಡ್ಯೂರರ್‌ನ ತಂದೆ ಅಕ್ಕಸಾಲಿಗ. ಮಗ ಮೊದಲು ಕಲಿತದ್ದೂ ಅಪ್ಪನ ಅಂಗಡಿಯಲ್ಲೇ, ಲೋಹ ಕೊರೆಯೋ ಕೆಲಸವನ್ನೇ. ಆಮೇಲೆ ಇಟಲಿಯ ಮಾರ್ಕಂಟೋನಿಯೋ ರೈಮೊಂಡಿ ಇವನ ಮರದಚ್ಚಿನ ಚಿತ್ರಗಳನ್ನ ತಾಮ್ರದ ತಗಡಿನ ಮೇಲೆ ನಕಲು ಮಾಡಿದ. ಮಾಡಿದ್ದು ಎಷ್ಟು ನಿಯತ್ತಾಗಿ ಅಂದ್ರೆ, ಆ ಗುರುತನ್ನೂ ಸೇರಿಸಿ! ವಸಾರಿ ಬರೆದಿಟ್ಟ ಕಥೆಯ ಪ್ರಕಾರ ಡ್ಯೂರರ್ ವೆನಿಸ್ಸಿಗೆ ಹೋಗಿ ದೂರು ಕೊಟ್ಟ. ಸಿಕ್ಕ ನ್ಯಾಯ ಇಷ್ಟು: ಚಿತ್ರ ಬೇಕಾದರೆ ನಕಲು ಮಾಡಿಕೊ, ಅವನ ಗುರುತು ಮಾತ್ರ ಹಾಕಬೇಡ. ಚಿತ್ರಕ್ಕಿಂತ ಗುರುತೇ ಮೇಲು ಅಂತ ಆಯ್ತು. ಎರಡಕ್ಷರ ಜೋಡಿಸೋದು ಅಲಂಕಾರದ ವಿಷಯ ಮಾತ್ರ ಅಂದುಕೊಂಡವರು ಈ ಕಥೆಯನ್ನ ಒಮ್ಮೆ ನೆನೆಸಿಕೊಳ್ಳಲಿ.

ಈಗ ಹೆಣಿಗೆಗೆ ಬರೋಣ. ಕೈಯಲ್ಲಿ ಕೊರೆಯೋದು ಅಂದರೆ ಏನು ಅಂತ ಒಂದು ಸಲ ಕಣ್ಣಿಗೆ ತಂದುಕೊಳ್ಳಿ. ಲೋಹದ ಮೇಲೆ ತೆಳುವಾಗಿ ಬಿಳಿ ಬಳಿದು, ಅದರ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಬರೆದು, ಚೂಪಾದ ಮೊನೆಯಲ್ಲಿ ಗೀರಿ ಗುರುತು ಮಾಡ್ತಾರೆ. ಆಮೇಲೆ ಪುಟ್ಟ ಉಳಿ. ಅದರ ಹಿಡಿ ಅಂಗೈಯಲ್ಲಿ ಕೂರುತ್ತೆ, ಮೊನೆ ಲೋಹದೊಳಗೆ ಇಳಿಯುತ್ತೆ, ಮುಂದಕ್ಕೆ ಒತ್ತಿದರೆ ಬೆಳ್ಳಿ ಸುರುಳಿ ಸುರುಳಿಯಾಗಿ ಎದ್ದು ಬರುತ್ತೆ. ಬಳುಕು ಬಂದಾಗ ತಿರುಗೋದು ಮುಖ್ಯವಾಗಿ ಉಳಿ ಅಲ್ಲ, ಕೆಳಗಿರೋ ಉಂಗುರ. ಮರಳು ತುಂಬಿದ ತೊಗಲಿನ ದಿಂಬಿನ ಮೇಲೋ, ತಿರುಗೋ ಹಿಡಿಕೆಯಲ್ಲೋ ಕೂತ ಕೆಲಸವನ್ನ ಎಡಗೈ ತಿರುಗಿಸ್ತಾ ಹೋಗುತ್ತೆ. ಉಳಿಯನ್ನ ಸ್ವಲ್ಪ ವಾಲಿಸಿದರೆ ಗೆರೆ ಅಗಲವಾಗುತ್ತೆ, ನೆಟ್ಟಗೆ ಮಾಡಿದರೆ ಕೂದಲೆಳೆಯಾಗುತ್ತೆ. ಹಾಗೆ ವಾಲಿಸಿದ ಜಾಗದಲ್ಲಿ ಲೋಹದ ಮೈ ಓರೆಯಾಗಿ ತೆರೆದುಕೊಂಡು ಬೆಳಕಿಗೆ ಮಿಂಚುತ್ತೆ. ಇದರಲ್ಲಿ ಕಂಟ್ರೋಲ್-ಝಡ್ ಇಲ್ಲ. ತೆಗೆದ ಲೋಹವನ್ನ ವಾಪಸ್ ಹಾಕೋಕಾಗಲ್ಲ.

ಆದ್ದರಿಂದ ನಿರ್ಧಾರವೆಲ್ಲ ಕಾಗದದ ಮೇಲೇ ಆಗಬೇಕು. ಮುಖ್ಯ ನಿರ್ಧಾರ ಎಲ್ಲಿರುತ್ತೆ ಗೊತ್ತಾ? ಅಕ್ಷರದಲ್ಲಲ್ಲ, ಎರಡು ಗೆರೆ ದಾಟುವ ಜಾಗದಲ್ಲಿ. ಅಲ್ಲಿ ಒಂದು ಗೆರೆ ಮೇಲೆ ಹೋಗಬೇಕು, ಇನ್ನೊಂದು ಕೆಳಗೆ. ಲೋಹದ ಮೇಲೆ ನಿಜವಾದ ಮೇಲೆ-ಕೆಳಗೆ ಇಲ್ಲವಲ್ಲ, ಹಾಗಾಗಿ ಕೆಳಗೆ ಹೋಗೋ ಗೆರೆಯನ್ನ ಮೇಲಿನದಕ್ಕೆ ಮುಟ್ಟೋಕೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಿ, ಆಚೆ ಬದಿಯಲ್ಲಿ ಅಷ್ಟೇ ಬಿಟ್ಟು ಮುಂದುವರಿಸ್ತಾರೆ. ಕಣ್ಣು ಆ ಖಾಲಿ ಜಾಗವನ್ನ ತಾನೇ ತುಂಬಿಕೊಳ್ಳುತ್ತೆ. ಮುಂದಿನ ದಾಟಿನಲ್ಲಿ ಸರದಿ ಅದಲು ಬದಲು: ಈಗ ಕೆಳಗಿದ್ದದ್ದು ಮೇಲೆ. ಜಡೆ ಹೆಣೆದವರಿಗೆ, ಚಾಪೆ ನೇಯೋದನ್ನ ನೋಡಿದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಒಂದೇ ಎಳೆ ಯಾವಾಗಲೂ ಮೇಲೇ ಇದ್ದರೆ ಜಡೆ ನಿಲ್ಲೋದಿಲ್ಲ, ಬಿಚ್ಚಿಹೋಗುತ್ತೆ.

ಉಳಿದ ನಿಯಮಗಳು ಇದರಿಂದಲೇ ಹುಟ್ಟುತ್ತವೆ. ದಪ್ಪ ಗೆರೆ ದಪ್ಪ ಗೆರೆಯನ್ನ ದಾಟಬಾರದು. ದಾಟಿದರೆ ಅಲ್ಲೊಂದು ಕಪ್ಪು ಗುಡ್ಡೆಯಾಗುತ್ತೆ. ದಪ್ಪ ತೆಳುವನ್ನ ದಾಟಲಿ. ದಾಟುವಾಗ ಆದಷ್ಟು ಅಡ್ಡಡ್ಡ ದಾಟಬೇಕು. ತೀರಾ ಓರೆಯಾಗಿ ದಾಟಿದರೆ ಎರಡು ಗೆರೆಗಳ ನಡುವೆ ಉಳಿಯೋ ಲೋಹ ಸೂಜಿಮೊನೆಯಷ್ಟಾಗಿ, ಉಳಿ ತಗುಲಿದರೆ ಕಿತ್ತೇ ಬರುತ್ತೆ. ಎರಡೂ ಅಕ್ಷರಗಳ ವಾಲು ಒಂದೇ ಇರಬೇಕು. ಗೆರೆಗಳ ನಡುವಿನ ಖಾಲಿ ಜಾಗಗಳು ಒಂದು ಅತಿ ದೊಡ್ಡದು ಇನ್ನೊಂದು ಅತಿ ಸಣ್ಣದು ಅಂತ ಆಗಬಾರದು. ರಂಗೋಲಿ ಹಾಕೋರು ಚುಕ್ಕಿಯ ಸುತ್ತ ಎಳೆ ಸುತ್ತುವಾಗ ನೋಡೋದೂ ಇದನ್ನೇ ತಾನೆ? ಮತ್ತೆ ಆ ಬಾಲ, ಬಳ್ಳಿ, ಸುರುಳಿ ಏನೇ ಇದ್ದರೂ ಅಕ್ಷರದ ಗೆರೆಯೇ ಬೆಳೆದು ಹಾಗಾಗಿರಬೇಕು, ಹೊರಗಿನಿಂದ ತಂದು ಅಂಟಿಸಿದ ಹಾಗೆ ಕಾಣಬಾರದು.

ಇಂಥ ಹೆಣಿಗೆಯ ಪುಸ್ತಕಗಳೇ ಇದ್ದವು. ಲಂಡನ್ನಿನಲ್ಲಿ 1726ರಲ್ಲಿ ಸ್ಯಾಮ್ಯುಯೆಲ್ ಸಿಂಪ್ಸನ್ ಸೈಫರ್‌ಗಳದ್ದೇ ಒಂದು ಪುಸ್ತಕ ಕೊರೆದು ಅಚ್ಚು ಹಾಕಿಸಿದ. ಬೆಳ್ಳಿ ಕೆಲಸದವರು ಅದನ್ನ ಮುಂದಿಟ್ಟುಕೊಂಡು ಗಿರಾಕಿಗೆ ಬೇಕಾದ ಜೋಡಿ ಹುಡುಕ್ತಿದ್ದರು. ಆ ಕಾಲದ ಫ್ಯಾಷನ್ ಒಂದಿತ್ತು: ಎರಡು ಅಕ್ಷರಗಳನ್ನ ನೇರವಾಗಿ ಒಂದು ಸಲ, ಕನ್ನಡಿಯಲ್ಲಿ ಕಂಡ ಹಾಗೆ ಇನ್ನೊಂದು ಸಲ ಬರೆದು ಒಂದರ ಮೇಲೊಂದು ಹೆಣೆಯೋದು. ಎಡ ಬಲ ಎರಡೂ ಸಮ. ನೋಡೋಕೆ ಕಮಲದ ಹೂವಿನಷ್ಟು ಚಂದ. ಓದೋಕೆ? ದೇವರೇ ಗತಿ. ಇದನ್ನ ನಾನು ದೋಷ ಅನ್ನೋದಿಲ್ಲ. ಚಮಚದ ಯಜಮಾನನಿಗೆ ತನ್ನ ಹೆಸರು ಗೊತ್ತೇ ಇತ್ತು. ಊರವರಿಗೆ ಓದೋಕೆ ಬರಬೇಕು ಅಂತ ಅವನಿಗೇನೂ ಹಟ ಇರಲಿಲ್ಲ.

ಇದೇ ಲಂಡನ್ನಿನಲ್ಲಿ ಎಲ್ಲಿಸ್ ಗ್ಯಾಂಬಲ್ ಎನ್ನುವ ಬೆಳ್ಳಿ ಕೊರೆಯುವವನ ಹತ್ತಿರ ಒಬ್ಬ ಹುಡುಗ ಕೆಲಸ ಕಲಿಯೋಕೆ ಸೇರಿದ್ದ. ಹೆಸರು ವಿಲಿಯಂ ಹೊಗಾರ್ತ್. ಆ ಕಸುಬು ತನಗೆ ತೀರಾ ಇಕ್ಕಟ್ಟು ಅನ್ನಿಸಿ ಬಿಟ್ಟು ಹೋದ, ದೊಡ್ಡ ಚಿತ್ರಕಾರ ಆದ. 1753ರಲ್ಲಿ ಸೌಂದರ್ಯದ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಎಲ್ಲ ಚೆಲುವಿಗೂ ಮೂಲ ಅಂತ ಅವನು ಎತ್ತಿ ಹಿಡಿದದ್ದು ಏನನ್ನ? ಹಾವಿನ ಹಾಗೆ ಬಳುಕುವ ಒಂದು ಗೆರೆಯನ್ನ. ಕಸುಬು ಬಿಟ್ಟರೂ ಕಸುಬು ಅವನನ್ನ ಬಿಡಲಿಲ್ಲ ಅಂತಲೇ ನನಗನ್ನಿಸೋದು.

ಇನ್ನು ನಮ್ಮ ಕಣ್ಣ ಮುಂದಿರೋ ಉದಾಹರಣೆಗಳು. ಬ್ರಿಗೇಡ್ ರೋಡಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಒಂದಾದರೂ ನ್ಯೂಯಾರ್ಕ್ ಯಾಂಕೀಸ್ ಟೋಪಿ ಸಿಗುತ್ತೆ. ಹಾಕಿದವರಿಗೆ ಬೇಸ್‌ಬಾಲ್ ಗೊತ್ತಿರಬೇಕು ಅಂತೇನಿಲ್ಲ. ಆ 'ಎನ್' ಮತ್ತು 'ವೈ' ಹುಟ್ಟಿದ್ದು ಟೋಪಿಗಾಗಿ ಅಲ್ಲ. ಆ ತಂಡವೇ ಹೇಳಿಕೊಳ್ಳುವ ಇತಿಹಾಸದ ಪ್ರಕಾರ, ಕರ್ತವ್ಯದಲ್ಲಿದ್ದಾಗ ಗುಂಡೇಟು ತಿಂದ ಜಾನ್ ಮೆಕ್‌ಡೊವೆಲ್ ಎಂಬ ಪೊಲೀಸನಿಗೆ ಕೊಡೋ ಪದಕಕ್ಕೆ 1877ರಲ್ಲಿ ಟಿಫನಿ ಕಂಪನಿ ಮಾಡಿಕೊಟ್ಟ ವಿನ್ಯಾಸ ಅದು. ತಂಡದ ಬಟ್ಟೆಗೆ ಬಂದದ್ದು 1909ರಲ್ಲಿ. ಅಂದರೆ ಒಡವೆ ಅಂಗಡಿಯ ವಿನ್ಯಾಸ, ಲೋಹಕ್ಕೆ ಅಂತ ಮಾಡಿದ್ದು. ಇವತ್ತಿಗೂ ಅದು ಯಾಕೆ ಕೆಲಸ ಮಾಡುತ್ತೆ ನೋಡಿ. 'ಎನ್' ಎರಡು ಕಂಬ ನೆಟ್ಟು ಚಪ್ಪರ ಹಾಕಿದ ಹಾಗಿದೆ. 'ವೈ' ಆ ಚಪ್ಪರದ ನಡುವೆ ಕಾಂಡ ಇಳಿಸಿ ಮೇಲೆ ಎರಡು ಕೊಂಬೆ ಚಾಚಿದೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರೋದೇ ಇಲ್ಲ. ಒಂದು ಅಗಲಕ್ಕೆ ಬೆಳೆದರೆ ಇನ್ನೊಂದು ಎತ್ತರಕ್ಕೆ. ಕುರುಡುಗಣ್ಣಿಗೂ ಓದೋಕೆ ಬರುತ್ತೆ, ಆದರೂ ಬಿಡಿಸೋಕೆ ಬರೋದಿಲ್ಲ.

ಲೂಯಿ ವಿಟಾನ್ ಚೀಲದ ಮೇಲಿನ ಅಕ್ಷರಗಳದ್ದು ಬೇರೆ ಕಥೆ. 1896ರಲ್ಲಿ ಜಾರ್ಜ್ ವಿಟಾನ್ ತಂದೆಯ ಹೆಸರಿನ ಎರಡಕ್ಷರಗಳನ್ನ ಬಟ್ಟೆ ತುಂಬ ಹರಡಿದ್ದು ನಕಲು ಮಾಡೋರನ್ನ ತಡೆಯೋಕೆ. ಇವತ್ತು ಲೋಕದಲ್ಲಿ ಅತಿ ಹೆಚ್ಚು ನಕಲಾಗೋ ಗುರುತುಗಳಲ್ಲಿ ಅದೂ ಒಂದು! ಶನೆಲ್‌ನ ಎರಡು 'ಸಿ'ಗಳು ಬೆನ್ನಿಗೆ ಬೆನ್ನು ಹಾಕಿ ಸಿಕ್ಕಿಕೊಂಡಿರೋದು ಸಿಂಪ್ಸನ್ನನ ಕನ್ನಡಿ ಉಪಾಯದ ಅತಿ ಸರಳ ರೂಪ. ಚಂದವಾಗಿದೆ, ಒಪ್ಪಿದೆ. ಆದರೆ ಒಂದೇ ಅಕ್ಷರವನ್ನ ಅದರ ಕನ್ನಡಿ ಜೊತೆ ಹೆಣೆಯೋದು ಸುಲಭ. ತನ್ನ ಜೊತೆ ತಾನು ಹೊಂದಿಕೊಳ್ಳೋಕೆ ಯಾರಿಗೂ ಕಷ್ಟವಿಲ್ಲ. ಕಷ್ಟ ಇರೋದು ಬೇರೆ ಮೈಕಟ್ಟಿನ ಇನ್ನೊಂದರ ಜೊತೆ.

ನಮ್ಮ ಮದುವೆ ಮಾನೋಗ್ರಾಮ್ ಸೋಲೋದು ಇಲ್ಲೇ. ಟೆಂಪ್ಲೇಟಿನಲ್ಲಿ 26 ಅಕ್ಷರಗಳನ್ನೂ ಬೇರೆ ಬೇರೆಯಾಗಿ, ಒಂಟಿಯಾಗಿ ಬರೆದಿಟ್ಟಿರ್ತಾರೆ. ಪ್ರಿಯಾಗೆ 'ಪಿ' ಎಳೆದು ತಂದು, ಸಂದೀಪನಿಗೆ 'ಎಸ್' ಎಳೆದು ತಂದು, ಅದರ ಮೇಲೆ ಬಿಟ್ಟರೆ ಮುಗೀತು. ಈ 'ಪಿ'ಗೆ ತನ್ನ ಪಕ್ಕ 'ಎಸ್' ಬರುತ್ತೆ ಅಂತ ಗೊತ್ತೇ ಇರಲಿಲ್ಲ. ನಾಳೆ 'ಕೆ' ಬಂದರೂ ಅದು ಹೀಗೇ ನಿಲ್ಲುತ್ತೆ. ಎಲ್ಲ ದಾಟಿನಲ್ಲೂ ಒಂದೇ ಅಕ್ಷರ ಮೇಲೆ, ಇನ್ನೊಂದು ಪೂರ್ತಿ ಅದರ ಕೆಳಗೆ. ಜಡೆ ಅಲ್ಲ, ಮಡಚಿಟ್ಟ ಬಟ್ಟೆ. ಇದನ್ನ ಲೇಸರ್ ಯಂತ್ರಕ್ಕೆ ಕೊಟ್ಟರೆ ಅದು ಪಾಪ ಕೊಟ್ಟದ್ದನ್ನ ಸುಡುತ್ತೆ. ನಾನು ಯಂತ್ರದ ವಿರೋಧಿ ಅಲ್ಲ. ಚೆನ್ನಾಗಿ ಯೋಚಿಸಿ ಹೆಣೆದದ್ದನ್ನ ಕೊಟ್ಟರೆ ಲೇಸರ್ ಕೂಡ ಆ ಹೆಣಿಗೆಯನ್ನ ಉಳಿಸಿಕೊಡುತ್ತೆ. ಉಳಿಯ ಮಿಂಚು ಬರಲ್ಲ, ಅಷ್ಟೆ. ಯಂತ್ರಕ್ಕಿಂತ ಮುಂಚೆ ಯೋಚಿಸಬೇಕಾದವರು ಯೋಚಿಸಲಿಲ್ಲ ಅನ್ನೋದು ನನ್ನ ದೂರು.

ಇನ್ನೊಂದು ವಿಷಯ ಯಾರೂ ಗಮನಿಸಿದ ಹಾಗಿಲ್ಲ. ಮೂರಕ್ಷರದ ಟೆಂಪ್ಲೇಟ್ ಅಂತ ಬರುತ್ತಲ್ಲ, ನಡುವೆ ದೊಡ್ಡದು, ಅಕ್ಕಪಕ್ಕ ಚಿಕ್ಕದು? ಅದು ಅಮೆರಿಕದ ಹಳೇ ಮದುವೆ ಶಿಷ್ಟಾಚಾರ. ಎಡಕ್ಕೆ ಹೆಂಡತಿ, ಬಲಕ್ಕೆ ಗಂಡ, ನಡುವೆ ದೊಡ್ಡದಾಗಿ ಗಂಡನ ಮನೆತನದ ಹೆಸರು. ಅಂದರೆ ಹುಡುಗಿ ಹೆಸರು ಬದಲಿಸಿಕೊಂಡಾಯ್ತು ಅಂತ ಆ ವಿನ್ಯಾಸವೇ ತೀರ್ಮಾನ ಮಾಡಿಬಿಟ್ಟಿದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರೇ ಇಲ್ಲ. ಪಾಸ್‌ಪೋರ್ಟ್ ಫಾರ್ಮಿನ ಮುಂದೆ ಕೂತು ತಲೆ ಕೆರೆದುಕೊಂಡ ಹಾಗೆ ಇಲ್ಲೂ ಕೆರೆದುಕೊಂಡು, ಕೊನೆಗೆ ಮಾವನ ಹೆಸರನ್ನೋ ಊರಿನ ಹೆಸರನ್ನೋ ನಡುವೆ ಕೂರಿಸ್ತಾರೆ. ಆಫೀಸಿನಲ್ಲಿ ಹೆಸರು ಬದಲಾಯಿಸೋಲ್ಲ ಅಂತ ಗಟ್ಟಿಯಾಗಿ ಹೇಳಿದ ಹುಡುಗಿಯ ಬೆಳ್ಳಿ ತಟ್ಟೆಯ ಮೇಲೆ ಅದು ಸದ್ದಿಲ್ಲದೆ ಬದಲಾಗಿ ಕೂತಿರುತ್ತೆ.

ಹಾಗಾದ್ರೆ ಕನ್ನಡದಲ್ಲೇ ಮಾಡಿಸೋಣ ಅಂತೀರಾ? ಒಳ್ಳೇ ಮಾತು. ಆದರೆ ಕನ್ನಡದ ಅಕ್ಷರ ಇಂಗ್ಲಿಷಿನ ಅಂಗಿಯಲ್ಲಿ ತೂರೋದಿಲ್ಲ. ಯಾಕೆ ಅಂತ ಹೇಳ್ತೀನಿ.

ಮೊದಲನೆಯದು ಬಾಲದ ಅಪಾಯ. ಇಂಗ್ಲಿಷ್ ಅಕ್ಷರಕ್ಕೆ ನೀವು ಎಷ್ಟು ಬಾಲ ಸುತ್ತಿದರೂ 'ಪಿ' 'ಪಿ'ಯೇ. ಕನ್ನಡದಲ್ಲಿ ಬಾಲಕ್ಕೆ ಬೆಲೆ ಇದೆ. 'ಪ' ಕೆಳಗೆ ಚಿಕ್ಕ ಗೆರೆ ಎಳೆದರೆ 'ಫ'. 'ದ' ಬುಡದಲ್ಲಿ ಒಂದು ಸೀಳು ಕೊಟ್ಟರೆ 'ಧ'. 'ರ' ಹೊಟ್ಟೆಯಲ್ಲಿ ಒಂದು ಚುಕ್ಕಿ ಇಟ್ಟರೆ 'ಠ'. 'ವ' ಬಲಗಡೆಗೆ ಬಾಲ ಎತ್ತಿದರೆ 'ಮ'. ಅಕ್ಷರದ ಕೆಳಗೆ ಚಂದಕ್ಕೆ ಅಂತ ಒಂದು ಬಳುಕು ಬಿಟ್ಟರೆ ಅದು ರಕಾರದ ಒತ್ತಾಗಿ ಪದ್ಮಳ 'ಪ' ಹೋಗಿ 'ಪ್ರ' ಆಗುತ್ತೆ. ಕಾಪರ್‌ಪ್ಲೇಟ್ ಶೈಲಿಯ ಸುರುಳಿಗಳನ್ನ ತಂದು ಕನ್ನಡಕ್ಕೆ ಹಾಕಿದ ಮಾನೋಗ್ರಾಮ್‌ಗಳು ತೊದಲೋದು ಇದಕ್ಕೇ.

ಎರಡನೆಯದು ದಪ್ಪ-ತೆಳುವಿನ ಪ್ರಶ್ನೆ. ಇಂಗ್ಲಿಷ್ ಕೈಬರಹದಲ್ಲಿ ಲೇಖನಿ ಕೆಳಕ್ಕೆ ಬರುವಾಗ ದಪ್ಪ, ಮೇಲಕ್ಕೆ ಹೋಗುವಾಗ ತೆಳು ಅಂತ ಕಟ್ಟಳೆ ಇದೆ, ಉಳಿಯೂ ಅದನ್ನೇ ಪಾಲಿಸುತ್ತೆ. ನಮ್ಮ ಅಕ್ಷರಗಳು ಬೆಳೆದದ್ದು ತಾಳೆಗರಿಯ ಮೇಲೆ. ಕಬ್ಬಿಣದ ಕಂಟದಲ್ಲಿ ಗೀರಿ, ಆಮೇಲೆ ಮಸಿ ತಿಕ್ಕಿದಾಗ ಗೆರೆ ಕಪ್ಪಾಗಿ ಏಳ್ತಿತ್ತು. ಅಡ್ಡ ನೇರ ಗೀರಿದರೆ ಗರಿ ಸೀಳುತ್ತೆ ಅಂತಲೇ ಅಕ್ಷರ ದುಂಡಗಾಯ್ತು ಅನ್ನೋ ವಿವರಣೆ ನೀವೂ ಕೇಳಿರ್ತೀರಿ. ಕಂಟದ ಗೆರೆ ಬಹುಪಾಲು ಒಂದೇ ದಪ್ಪ. ನೋಡಿ, ಬರವಣಿಗೆಯೇ ಕೊರೆತವಾಗಿದ್ದ ಲಿಪಿ ನಮ್ಮದು! ಆದರೂ ಬೆಳ್ಳಿಯ ಮೇಲೆ ಇಳಿಸುವಾಗ ಎಲ್ಲಿ ಅಗಲಿಸಬೇಕು ಎಲ್ಲಿ ಸಣ್ಣಗಾಗಿಸಬೇಕು ಅನ್ನೋದನ್ನ ಹೊಸದಾಗಿ ಯೋಚಿಸಬೇಕು.

ಮೂರನೆಯದೇ ನನಗೆ ಬಹಳ ಇಷ್ಟವಾದ ತೊಡಕು. ಅಕ್ಷರ ಜೋಡಿಸೋ ವಿದ್ಯೆ ಕನ್ನಡಕ್ಕೆ ಹೊಸದೇ? ದಿನಾ ಮಾಡ್ತೀವಿ, ಒತ್ತಕ್ಷರ ಅಂತ ಹೆಸರು. ಹಾಗಾಗಿ ಕೂಡಲೇ ಹೊಳೆಯೋ ಉಪಾಯ, ಹುಡುಗಿಯ ಅಕ್ಷರಕ್ಕೆ ಹುಡುಗನ ಅಕ್ಷರವನ್ನ ಒತ್ತು ಕೊಟ್ಟುಬಿಡೋಣ ಅನ್ನೋದು. ಈಗ ಗಗನಾ ಮತ್ತು ರಘು ಅಂತ ಇಟ್ಕೊಳ್ಳಿ. 'ಗ'ಗೆ 'ರ' ಒತ್ತು ಕೊಟ್ಟರೆ 'ಗ್ರ'. ರಘು ಎಲ್ಲಿ ಹೋದ? ಕೆಳಗೊಂದು ಬಳುಕಾಗಿ ಉಳಿದ. ಛೆ, ಹುಡುಗನ ಕಡೆಯವರು ಬೇಜಾರಾಗ್ತಾರೆ ಅಂತ ತಿರುಗಿಸಿ 'ರ'ಗೆ 'ಗ' ಒತ್ತು ಕೊಟ್ಟರೆ 'ರ್ಗ'. ಈಗಲೂ ರಘು ಇಲ್ಲ, ಅರ್ಕಾವತ್ತಾಗಿ ಹಿಂದೆ ಜೋತುಬಿದ್ದಿದ್ದಾನೆ! ಹೇಗೆ ಜೋಡಿಸಿದರೂ ಸೋಲೋದು ಅವನೇ. ಬೇರೆ ಅಕ್ಷರಗಳ ಪಾಡೂ ತುಂಬ ಬೇರೆ ಅಲ್ಲ. ಒತ್ತಾಗಿ ಕೆಳಗಿಳಿದದ್ದು ತಲೆಕಟ್ಟು ಕಳಕೊಳ್ಳುತ್ತೆ. ತ, ನ, ಮ, ಯ, ಲ ಆದರೆ ಗುರುತು ಸಿಗದಷ್ಟು ರೂಪವೇ ಬದಲಾಗುತ್ತೆ. ಸಾಲದ್ದಕ್ಕೆ 'ಗ್ರ' ಅಂತ ಬರೆದರೆ ಓದುವವರು 'ಗ್ರ' ಅಂತಲೇ ಓದ್ತಾರೆ, ಎರಡು ಹೆಸರು ಅಂತ ಹೊಳೆಯೋದೇ ಇಲ್ಲ. ಒತ್ತಕ್ಷರ ವ್ಯಾಕರಣಕ್ಕೆ ಸರಿ. ಮದುವೆಗೆ ಬೇಡ.

ಸರದಿಯ ಮೇಲೆ ಒಮ್ಮೆ ನಾನು ಮೇಲೆ ಒಮ್ಮೆ ನೀನು ಅನ್ನೋ ಹೆಣಿಗೆಗೂ, ಒಬ್ಬರು ಖಾಯಂ ಕೆಳಗಿರೋ ಒತ್ತಿಗೂ ಇರೋ ವ್ಯತ್ಯಾಸ ಬರೀ ಗೆರೆಯದ್ದು ಅಂತ ನನಗನ್ನಿಸೋದಿಲ್ಲ. ಒಂದೇ ಮನೆಯಲ್ಲಿ ಇಬ್ಬರ ಸಂಬಳ, ಇಬ್ಬರ ಇಎಂಐ, ಇಬ್ಬರ ಅಮ್ಮಂದಿರು ಇರೋವಾಗ ಯಾರ ಗೆರೆ ಎಲ್ಲಿ ನಿಂತು ದಾರಿ ಬಿಡಬೇಕು ಅನ್ನೋದು ದಿನಾ ಬರೋ ಪ್ರಶ್ನೆ. ಅದನ್ನ ಉಂಗುರದ ಮೇಲೆ ಬರೆಯುವಾಗಲಾದರೂ ಸರಿಯಾಗಿ ಬರೆಯೋಣ.

ಹಾಗಾದರೆ ದಾರಿ ಇಲ್ವಾ? ಇದೆ. 'ಗ' ಅಕ್ಷರವನ್ನ ಒಂದು ಕ್ಷಣ ನೋಡಿ. ಕಮಾನು, ಮೇಲೆ ತಲೆಕಟ್ಟು, ಕೆಳಗೆ ಬಾಗಿಲು ತೆರೆದಿದೆ. ಡ್ಯೂರರ್‌ನ 'ಎ' ಇದಕ್ಕಿಂತ ಒಳ್ಳೇ ಮಂಟಪವೇನಲ್ಲ. ಅದರೊಳಗೆ ಪುಟ್ಟ 'ರ' ತನ್ನ ತಲೆಕಟ್ಟಿನ ಸಮೇತ ಕೂತರೆ ಒತ್ತಕ್ಷರ ಅಂತ ಯಾರೂ ತಪ್ಪಾಗಿ ಓದೋದಿಲ್ಲ. ಚಿಕ್ಕದಾಯ್ತು ಅಂತ ರಘುಗೆ ಅನ್ನಿಸಿದರೆ ಇನ್ನೊಂದಿದೆ: ಎರಡೂ ಅಕ್ಷರ ಅಕ್ಕಪಕ್ಕ ನಿಂತು ಒಂದೇ ಉದ್ದನೆಯ ತಲೆಕಟ್ಟನ್ನ ಹಂಚಿಕೊಳ್ಳೋದು. ಒಂದೇ ಗೆರೆ ಇಬ್ಬರಿಗೂ ಸೂರು. ಕಟ್ಟುನಿಟ್ಟಿನ ಅರ್ಥದಲ್ಲಿ ನಿಜವಾದ ಮಾನೋಗ್ರಾಮ್ ಅಂದರೆ ಅದೇ. ಬಾಲ ಬೇಡ, ಬಳ್ಳಿ ಬೇಡ, ನಮ್ಮ ಅಕ್ಷರ ತಾನಾಗಿ ಕೊಡೋ ಸೌಲಭ್ಯ ಇದು.

ಕನ್ನಡಿಗರು ಹೆಸರು ಹೆಣೆಯೋದರಲ್ಲಿ ಹಿಂದೆ ಬಿದ್ದವರೇನಲ್ಲ. ನಾವು ಕಣ್ಣಿಗೆ ಹೆಣೆಯಲಿಲ್ಲ, ಕಿವಿಗೆ ಹೆಣೆದೆವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅನ್ನೋದು ಕುವೆಂಪು ಆಯ್ತು. ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್ ತರಾಸು ಆದರು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಅನಕೃ ಆದರು. ಊರು, ಅಪ್ಪ, ತಾನು ಮೂರೂ ಸೇರಿ ಒಂದು ಉಸಿರಿನ ಹೆಸರು. (ಅಮ್ಮ ಎಲ್ಲಿ ಅಂತ ಕೇಳಿದರೆ ಉತ್ತರ ಇಲ್ಲ, ಆ ವಿಮರ್ಶೆ ಇನ್ನೊಂದು ದಿನ.) ಇಂಗ್ಲಿಷಿನ ಇನಿಷಿಯಲ್ ಪುಟ್ಟಪ್ಪನವರಿಂದ ಬರೀ 'ಪಿ' ಕಿತ್ತುಕೊಳ್ತಿತ್ತು. ಕನ್ನಡ 'ಪು'ವನ್ನ ಪೂರ್ತಿ ಇಟ್ಟುಕೊಂಡಿತು. ಬೀಚಿಯವರಂತೂ ತಮ್ಮ ಹೆಸರನ್ನ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಲಿಪಿಯಲ್ಲಿ ಬರೆದು ಎರಡು ಲಿಪಿಗಳಿಗೇ ಮದುವೆ ಮಾಡಿಸಿದರು. ಪ್ರಿಯಾಳ ಮೊದಲಕ್ಷರ 'ಪಿ' ಅಂದಾಗ ಕಳೆದುಹೋಗೋದು ಏನು ಅಂತ ಈಗ ಗೊತ್ತಾಗುತ್ತೆ. ಅವಳ ಅಕ್ಷರ 'ಪ್ರಿ'. ಅದರಲ್ಲೇ ಆಗಲೇ ಮೂರು ಸಂಗತಿ ಹೆಣೆದುಕೊಂಡಿವೆ.

ಲೋಹ, ಕಲ್ಲಿನ ಮೇಲಂತೂ ನಮ್ಮವರ ರೀತಿಯೇ ಬೇರೆ. ವಿಜಯನಗರದ ತಾಮ್ರಶಾಸನಗಳು ಹೆಚ್ಚಾಗಿ ನಂದಿನಾಗರಿ ಲಿಪಿಯಲ್ಲಿವೆ, ಆದರೆ ಕೊನೆಯಲ್ಲಿ ರಾಜನ ಅಂಕಿತ 'ಶ್ರೀ ವಿರ‍ೂಪಾಕ್ಷ' ಅಂತ ಕನ್ನಡ ಅಕ್ಷರದಲ್ಲಿ. ಅಲ್ಲಿ ಹೆಣಿಗೆ ಇಲ್ಲ, ಮೊದಲಕ್ಷರದ ಮೊಟಕು ಇಲ್ಲ. ಪೂರ್ತಿ ಹೆಸರು, ಅದೂ ತನ್ನದಲ್ಲ, ದೇವರದು. ವಚನಕಾರರು ಅಂಕಿತ ಹಾಕಿದ್ದೂ ಹಾಗೇ. ಸೋಮನಾಥಪುರದಲ್ಲಿ 13ನೇ ಶತಮಾನದ ಶಿಲ್ಪಿ ಮಲ್ಲಿತಮ್ಮ ತಾನು ಕೆತ್ತಿದ ವಿಗ್ರಹದ ಕೆಳಗೆ ತನ್ನ ಹೆಸರು ಕೊರೆದ, ಇವತ್ತು ನೀವು ಹೋಗಿ ಓದಬಹುದು. ಅಷ್ಟು ದೂರ ಯಾಕೆ, ನಿಮ್ಮ ಅಡುಗೆಮನೆಯ ದೊಡ್ಡ ಸ್ಟೀಲ್ ಪಾತ್ರೆಯನ್ನ ತಿರುಗಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು, ಕೆಳಗೆ ತಾರೀಕು. ಅದು ಅಕ್ಕಪಕ್ಕದವರ ಮನೆ ನಾಮಕರಣಕ್ಕೆ ಹೋಗಿ ವಾಪಸ್ ಬರಬೇಕಾದ ಪಾತ್ರೆ. ಅದರ ಮೇಲೆ ಸಿಂಪ್ಸನ್ನನ ಕನ್ನಡಿ ಹೆಣಿಗೆ ಇದ್ದಿದ್ದರೆ ಪಾತ್ರೆ ಇವತ್ತಿಗೂ ಪಕ್ಕದ ಮನೆಯಲ್ಲೇ ಇರ್ತಿತ್ತು.

ಹಾಗಾಗಿ ಬೆಳ್ಳಿ ಅಂಗಡಿಗೆ ಹೋಗೋ ಮುಂಚೆ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಇದು ಊರಿಗೆ ಓದೋಕೋ, ನಿಮ್ಮಿಬ್ಬರಿಗೋ? ಊರಿಗೆ ಅಂದ್ರೆ ಅಜ್ಜಿಯ ಹಾಗೆ ಪೂರ್ತಿ ಹೆಸರು ಬರೆಸಿಬಿಡಿ, ಅದರಷ್ಟು ಗಟ್ಟಿ ಗುರುತು ಇನ್ನೊಂದಿಲ್ಲ. ನಿಮ್ಮಿಬ್ಬರಿಗೆ ಮಾತ್ರ ಅಂದ್ರೆ ಹೆಣೆಸಿ, ಓದೋಕೆ ಬರದಿದ್ದರೂ ಚಿಂತೆಯಿಲ್ಲ. ವಿನ್ಯಾಸ ಕೈಗೆ ಬಂದಾಗ ಒಂದು ಪೆನ್ಸಿಲ್ ತಗೊಂಡು ಗೆರೆಗಳು ದಾಟೋ ಜಾಗಗಳಿಗೆಲ್ಲ ಚುಕ್ಕಿ ಇಡಿ. ಪ್ರತಿ ಚುಕ್ಕಿಯಲ್ಲೂ ಯಾರು ಮೇಲೆ ಅಂತ ಬರೆದುಕೊಂಡು ಎಣಿಸಿ. ಎಲ್ಲ ಕಡೆಯೂ ಒಬ್ಬರೇ ಬಂದರೆ ಕಾಗದವನ್ನ ವಾಪಸ್ ಕೊಟ್ಟು ಇನ್ನೊಂದು ಸಲ ಬರೆಯೋಕೆ ಹೇಳಿ. ಅಂಗಡಿಯವರು ಗೊಣಗಬಹುದು. ಗೊಣಗಲಿ ಬಿಡಿ, ಉಳಿ ಇನ್ನೂ ಇಳಿದಿಲ್ಲವಲ್ಲ.